ಮಧ್ಯೆ ಹೋಗಬೇಕಿತ್ತಾ?

ಬಸ್ ಸ್ಟಾಪಿನಲ್ಲಿ ಒಬ್ಬ ಇನ್ನೊಬ್ಬನ ಕಾಲರ್ ಹಿಡಿದು ಕೆನ್ನೆಗೆ ಬಾರಿಸುತ್ತಿದ್ದ. ಹೊಡೆಸಿಕೊಂಡವನ ಒಂದು ಚಪ್ಪಲಿ ರಸ್ತೆಯಲ್ಲಿ ಬಿದ್ದಿತ್ತು, ಅವನ ಮುಖ ನೋಡಲಾಗದೆ ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಹತ್ತಾರು ಜನ ಇದ್ದೆವು, ಯಾರಾದ್ರೂ ಹೋಗ್ತಾರೆ ಅಂತ ಎಲ್ಲರೂ ಸುಮ್ನೆ. 1968ರಲ್ಲಿ ಡಾರ್ಲಿ, ಲಟಾನೆ ಅನ್ನೋ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿದ್ದರು: ಇನ್ನೊಂದು ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದಂತೆ ಕೇಳಿಸಿದಾಗ, ಕೇಳಿಸಿಕೊಂಡಿದ್ದು ತಾನೊಬ್ಬನೇ ಅಂದುಕೊಂಡವರಲ್ಲಿ ಶೇ 85 ಮಂದಿ ಬೇಗ ಎದ್ದರು, ಇನ್ನೂ ನಾಲ್ವರು ಇದ್ದಾರೆ ಅಂದುಕೊಂಡವರಲ್ಲಿ ಶೇ 31 ಮಾತ್ರ. ಹೊಡೆಯುವವನ ಕೈ ಹಿಡಿಯೋ ಧೈರ್ಯ ನನಗಿಲ್ಲ, ಜೇಬಲ್ಲಿ ಚಾಕು ಇದ್ರೆ? ಆದರೆ ದೂರದಿಂದ ಕೂಗಬಹುದಿತ್ತು, ಪೊಲೀಸರಿಗೆ ಫೋನ್ ಮಾಡಬಹುದಿತ್ತು, ಪಕ್ಕದವರಿಗೆ 'ಬನ್ನಿ ಸಾರ್, ಇಬ್ಬರೂ ಹೋಗೋಣ' ಅನ್ನಬಹುದಿತ್ತು ಅಲ್ವಾ. ಬಸ್ ಬಂತು, ಹತ್ತಿಬಿಟ್ಟೆ. ಚಪ್ಪಲಿ ಇನ್ನೂ ಅಲ್ಲೇ ಇತ್ತು.