ಬಾಯಿಯ ಹುಣ್ಣನ್ನೆಲ್ಲ ಕವಳದ ಲೆಕ್ಕಕ್ಕೆ ಹಾಕಬೇಡಿ

ಶಿರಸಿಯ ನನ್ನ ಔಷಧದ ಅಂಗಡಿಯಲ್ಲಿ, ಉಳಿದ ಗಿರಾಕಿಗಳು ಹೋಗುವವರೆಗೆ ಬದಿಗೆ ನಿಂತಿದ್ದು, ಕಾಂಡೋಮ್ ಇಲ್ಲದೆ ಓರಲ್ ಸೆಕ್ಸ್ (ಬಾಯಿಯ ಮೂಲಕದ ಲೈಂಗಿಕ ಸಂಪರ್ಕ) ನಡೆದುಹೋಗಿದೆ, ಎಚ್‌ಐವಿ ಬಂದೀತೇ ಎಂದು ಕೇಳುವವರಿದ್ದಾರೆ. ಆ ದಾರಿಯಲ್ಲಿ ಎಚ್‌ಐವಿ ಹರಡುವ ಸಂಭವ ತೀರಾ ಕಡಿಮೆ. ಇಷ್ಟು ಕೇಳಿ ನಿರಾಳವಾಗಿ ಹೊರಡುವವರನ್ನು ನಾನು ತಡೆಯುತ್ತೇನೆ, ಏಕೆಂದರೆ ಸಿಫಿಲಿಸ್, ಗೊನೊರಿಯಾ, ಹರ್ಪಿಸ್, ಎಚ್‌ಪಿವಿಯಂಥ ಲೈಂಗಿಕ ಸೋಂಕುಗಳಿಗೆ ಬಾಯಿಯ ದಾರಿ ಅಷ್ಟು ಕಷ್ಟದ್ದಲ್ಲ.

ನಮ್ಮ ಜಿಲ್ಲೆಯಲ್ಲಿ ಕವಳದ, ಅಂದರೆ ಎಲೆಯಡಿಕೆಯ, ತೊಡಕೊಂದು ಬೇರೆ. ಸುಣ್ಣ, ತಂಬಾಕು ಹಾಕಿ ಕವಳ ಜಗಿಯುವವರ ಬಾಯಿ ಆಗಾಗ ಹುಣ್ಣಾಗುವುದರಿಂದ, ತುಟಿಯಲ್ಲೋ ನಾಲಿಗೆಯಲ್ಲೋ ಹೊಸ ಹುಣ್ಣೆದ್ದರೂ ಸುಣ್ಣ ಹೆಚ್ಚಾಯಿತೆಂದೋ ಉಷ್ಣವೆಂದೋ ಹೇಳಿ, ಮುರುಗಲು ಪಾನಕ ಕುಡಿದು ಸುಮ್ಮನಾಗುತ್ತಾರೆ. ಸಿಫಿಲಿಸ್‌ನ ಮೊದಲ ಹುಣ್ಣು ಸೋಂಕು ತಗುಲಿದ ಸುಮಾರು 3 ವಾರಗಳಿಗೆ ಕಾಣಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ನೋಯುವುದಿಲ್ಲ, ಮದ್ದಿಲ್ಲದೆಯೂ 3ರಿಂದ 6 ವಾರಗಳಲ್ಲಿ ಮಾಯುತ್ತದೆ. ಕೀರ್ತಿ ಪಾನಕಕ್ಕೆ ಹೋಗುತ್ತದೆ. ರೋಗ ಮಾತ್ರ ಮೈಯೊಳಗೇ ಉಳಿದು, ಮುಂದೆ ದದ್ದಾಗಿ ಏಳುತ್ತದೆ, ವರ್ಷಗಳು ಕಳೆದ ಮೇಲೆ ಹೃದಯ ಮತ್ತು ಮಿದುಳನ್ನೂ ಕೆಡಿಸಬಲ್ಲದು. ಆರಂಭದಲ್ಲೇ ರಕ್ತಪರೀಕ್ಷೆಯಿಂದ ಗೊತ್ತಾದರೆ, ಸಾಮಾನ್ಯವಾಗಿ ಪೆನಿಸಿಲಿನ್‌ನ ಒಂದು ಸಲದ ಇಂಜೆಕ್ಷನ್‌ನಲ್ಲೇ ಗುಣವಾಗುವ ಕಾಯಿಲೆ ಇದು.

ಗಂಟಲಿನ ಗೊನೊರಿಯಾ ಹೆಚ್ಚಿನವರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಮೂತ್ರಪರೀಕ್ಷೆಯಲ್ಲಿ ಅದು ಸಿಗದು, ಗಂಟಲಿನಿಂದಲೇ ಸ್ವಾಬ್ ತೆಗೆಯಬೇಕು. ಆದ್ದರಿಂದ ನಡೆದದ್ದೇನೆಂದು ವೈದ್ಯರಿಗೆ ಹೇಳದೆ ಗತ್ಯಂತರವಿಲ್ಲ. ಗಂಟಲು ಕೆರೆತವೆಂದು ಚೀಟಿಯಿಲ್ಲದೆ ಅಜಿತ್ರೊಮೈಸಿನ್ ಕೇಳಿದರೆ ನಾನು ಕೊಡುವುದಿಲ್ಲ, ಇದಕ್ಕಾಗಿ ಬೈಸಿಕೊಂಡದ್ದೂ ಇದೆ. ಗೊನೊರಿಯಾದ ರೋಗಾಣು ಆ ಔಷಧಕ್ಕೆ ಜಗ್ಗದಂತಾಗುತ್ತಿದೆ.

ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತವಾಗಿದ್ದು, ಫಲಿತಾಂಶದ ಗೋಪ್ಯತೆಗೆ 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ ರಕ್ಷಣೆಯಿದೆ. ಪರಿಚಯದವರು ಕಂಡಾರೆಂಬ ಅಂಜಿಕೆಯಿರುವ ಶಿರಸಿಯವರು ಕಾರವಾರಕ್ಕೆ ಹೋಗಬಹುದು, ಕಾರವಾರದವರು ಘಟ್ಟ ಹತ್ತಿ ಇಲ್ಲಿಗೆ ಬರಬಹುದು. ಮೊದಲು ಮಾತನಾಡಿ ನೋಡಬೇಕೆನ್ನುವವರಿಗೆ 1097 ಏಡ್ಸ್ ಸಹಾಯವಾಣಿಯಿದೆ.

ಮುನ್ನೆಚ್ಚರಿಕೆಯೆಂದರೆ ಕಾಂಡೋಮ್; ಹೆಣ್ಣಿನ ಜನನಾಂಗಕ್ಕೆ ಬಾಯಿ ತಾಗುವಾಗ, ಅದನ್ನೇ ಉದ್ದಕ್ಕೆ ಕತ್ತರಿಸಿ ಬಿಡಿಸಿ ನಡುವೆ ಹಾಸಿಕೊಳ್ಳಬಹುದು. ಕವಳದಿಂದ ಬಾಯಿ ಹುಣ್ಣಾಗಿರುವ ಅಥವಾ ಒಸಡಿನಲ್ಲಿ ರಕ್ತ ಬರುತ್ತಿರುವ ದಿನಗಳಲ್ಲಿ ಓರಲ್ ಸೆಕ್ಸನ್ನು ಪೂರ್ತಿಯಾಗಿ ಬಿಡುವುದೇ ಲೇಸು. ನೋಯದ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಲೈಂಗಿಕ ಸಂಪರ್ಕದ ಮಾತೇ ಇಲ್ಲದವರೂ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಕವಳ ಹಾಕುವವರಲ್ಲಿ ಅದು ಬಾಯಿಯ ಕ್ಯಾನ್ಸರ್‌ನ ಮೊದಲ ಗುರುತೂ ಆಗಿರಬಹುದು.