ದುಡ್ಡಿಟ್ಟು ಇಸ್ಪೀಟ್ ಆಡಿದ್ರೂ ನಿಮ್ಮಲ್ಲಿ ಜಗಳ ಆಗುದಿಲ್ವಾ?

ಈ ಪ್ರಶ್ನೆ ನಂಗೆ ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಕೇಳಿದ್ದಾರೆ, ಮೊನ್ನೆ ಬಾಯಿ ತೆರೆದು ಮಲಗಿದ್ದಾಗ ಹಲ್ಲಿನ ಡಾಕ್ಟ್ರೂ ಕೇಳಿದ್ರು. "ನೀವು ಶನಿವಾರ ಶನಿವಾರ ಪೋಕರ್ ಆಡ್ತೀರಂತಲ್ಲ, ಅದೂ ದುಡ್ಡಿಟ್ಟು, ಜಗಳ ಆಗುದಿಲ್ವಾ?" ಬಾಯಲ್ಲಿ ಹತ್ತಿ ಇತ್ತು, ಹೇಳ್ಲಿಕ್ಕೆ ಆಗ್ಲಿಲ್ಲ. ಈಗ ಹೇಳ್ತೇನೆ.

ಆಗ್ತದೆ ಮಾರಾಯ್ರೆ. ಆಗದೆ ಎಂತ. ಆದ್ರೆ ನೀವು ಅಂದ್ಕೊಂಡ ಹಾಗೆ ದುಡ್ಡಿಗಾಗಿ ಆಗುದಲ್ಲ.

ಮೊದಲು ನಮ್ಮ ಆಟ ಎಷ್ಟರದ್ದು ಅಂತ ಹೇಳಿಬಿಡ್ತೇನೆ, ಇಲ್ಲದಿದ್ರೆ ನೀವು ಗೋವಾದ ಕ್ಯಾಸಿನೋ ಕಣ್ಣ ಮುಂದೆ ತಂದ್ಕೊಳ್ತೀರಿ. ಮಂಗಳೂರಿನ ಕದ್ರಿ ಹತ್ತಿರದ ಒಂದು ಫ್ಲ್ಯಾಟು, ಏಳೆಂಟು ಜನ, ತಲೆಗೆ 200 ರೂಪಾಯಿ. ಅದು ಹೋದ್ರೆ ಇನ್ನೊಂದೇ ಸಲ 200 ಹಾಕ್ಬಹುದು, ಮತ್ತೆ ಇಲ್ಲ. ಅಂದ್ರೆ ಇಡೀ ರಾತ್ರಿ ಸೋತವನೂ 400ಕ್ಕಿಂತ ಹೆಚ್ಚು ಕಳ್ಕೊಳ್ಳುದಿಲ್ಲ, ಗೆದ್ದವನ ದುಡ್ಡಲ್ಲಿ ಎಲ್ಲರಿಗೂ ಅಂಜಲ್ ಫ್ರೈ ತಿನ್ಲಿಕ್ಕೂ ಆಗುದಿಲ್ಲ. ಮನೆಯವರಿಗೆ ಕಮಿಶನ್ ಇಲ್ಲ, ತಿಂಡಿ ಖರ್ಚು ಬೇರೆ ಲೆಕ್ಕ. ಆಟ ಟೆಕ್ಸಸ್ ಹೋಲ್ಡೆಮ್, ಕೈಗೆ 2 ಕಾರ್ಡು, ಮಧ್ಯದಲ್ಲಿ ಎಲ್ಲರಿಗೂ ಸೇರಿ 5, ಈ ಏಳರಲ್ಲಿ ಒಳ್ಳೆ 5 ಯಾರದ್ದೋ ಪಾಟ್, ಅಂದ್ರೆ ಮಧ್ಯದಲ್ಲಿ ಸೇರಿದ ದುಡ್ಡು, ಅವರದ್ದು. ಚಿಪ್ಸಿನ, ಅಂದ್ರೆ ದುಡ್ಡಿನ ಬದಲಿಗೆ ಇಡುವ ಬಿಲ್ಲೆಗಳ ಡಬ್ಬ ಬ್ಯಾಂಕಿಂದ ರಿಟೈರ್ ಆದ ಒಬ್ಬ ಮಾಮನ ಹತ್ರ ಇರ್ತದೆ. ಕೆನರಾ, ಕಾರ್ಪೊರೇಶನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಅಂತ 1906ರಿಂದ 1931ರ ಒಳಗೆ ಐದು ಬ್ಯಾಂಕ್ ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಇದು, ಕ್ಯಾಶ್ ನೋಡಿಕೊಳ್ಳಿಕ್ಕೆ ಜನ ಸಿಗದೆ ಇರುದುಂಟಾ.

ಈಗ ಜಗಳಕ್ಕೆ ಬರುವ. ನಮ್ಮಲ್ಲಿ ಆದ ದೊಡ್ಡ ಜಗಳ 180 ರೂಪಾಯಿದ್ದು. ಜುಲೈ ತಿಂಗಳು, ಹೊರಗೆ ಮಳೆ ಜೋರು, ಕರೆಂಟ್ ಹೋಗಿ ಇನ್ವರ್ಟರಲ್ಲಿ ಒಂದೇ ಲೈಟು. ಪಾಟಲ್ಲಿ ಇಬ್ಬರೇ ಉಳಿದಿದ್ರು, ನನ್ನ ಬಾವ ಮತ್ತು ಪಕ್ಕದ ಫ್ಲ್ಯಾಟಿನ ಇಂಜಿನಿಯರ್ ಹುಡುಗ. ಮೇಜಿನ ಮೇಲೆ ಆಟೀನ್ ಆರು, ಕಳಾವರ್ ಏಳು, ಆಟೀನ್ ಒಂಬತ್ತು, ಇಸ್ಪೀಟ್ ರಾಜ, ಕೊನೆಗೆ ಬಂದದ್ದು ಡೈಮನ್ ಹತ್ತು. ಬಾವ ರಾಜ ರಾಣಿ ತೋರಿಸಿದ್ರು, ರಾಜನ ಜೋಡಿ ಆಯ್ತು. ಹುಡುಗ ಎರಡು ಎಂಟು ತಿರುಗಿಸಿ ಇಟ್ಟು "ಛೆ, ನಂದು ಎಂಟರ ಜೋಡಿ ಅಷ್ಟೆ" ಅಂದ. ಬಾವ ಎರಡೂ ಕೈ ಚಾಚಿ ಚಿಪ್ಸ್ ಬಾಚ್ಕೊಳ್ಳಿಕ್ಕೆ ಶುರು ಮಾಡಿದ್ರು, ಅರ್ಧ ಎಳೆದೂ ಆಗಿತ್ತು, ಆಗ ಬ್ಯಾಂಕ್ ಮಾಮ ಕನ್ನಡಕ ಮೇಲೆ ಮಾಡಿ "ತಡೀರಿ ತಡೀರಿ, ಆರು ಏಳು ಎಂಟು ಒಂಬತ್ತು ಹತ್ತು, ಅದು ಸ್ಟ್ರೈಟ್ ಅಲ್ವಾ?" ಅಂದ್ರು.

ಸಾಲಾಗಿ ಐದು ಬಂದ್ರೆ ಅದು ಸ್ಟ್ರೈಟ್, ಜೋಡಿಗಿಂತ ಮೇಲೆ. ಒಂದು ಕ್ಷಣ ಎಲ್ಲರೂ ಮೇಜು ನೋಡಿದ್ರು. ಮತ್ತೆ ಎಲ್ಲರೂ ನಗಾಡಿದ್ರು. ನಾನೂ ನಗಾಡಿದೆ, ಜೋರಾಗೇ.

ಬಾವನ ಮುಖ ಕೆಂಪಾಯ್ತು. "ನಿಮಗೆ ಎಂತಕ್ಕೆ ಅದು? ನೀವು ಪಾಟಲ್ಲೇ ಇಲ್ಲ. ಒಬ್ಬರ ಆಟಕ್ಕೆ ಇನ್ನೊಬ್ಬರು ಬಾಯಿ ಹಾಕ್ಬಾರ್ದು ಅಂತ ನಿಯಮ ಮಾಡಿದ್ದೇ ನೀವು." ಹೇಳಿದ್ದು ತಪ್ಪಲ್ಲ ನೋಡಿ. ಆ ನಿಯಮ ಉಂಟು, ಪ್ರಪಂಚದಲ್ಲಿ ಎಲ್ಲ ಕಡೆ ಉಂಟು, ಒಂದು ಕೈಗೆ, ಅಂದ್ರೆ ಒಬ್ಬನಿಗೆ ಬಂದ ಕಾರ್ಡಿಗೆ, ಒಬ್ಬನೇ ಆಟಗಾರ. ಬೆಟ್ ನಡೀತಿರುವಾಗ ಬದಿಯಲ್ಲಿ ಕೂತವ "ಓ ಸ್ಟ್ರೈಟ್ ಆಗ್ತದೆ" ಅಂದ್ರೆ ಅದು ದೊಡ್ಡ ತಪ್ಪು. ಆದ್ರೆ ಅದರ ಪಕ್ಕದಲ್ಲೇ ಇನ್ನೊಂದು ನಿಯಮವೂ ಉಂಟು, ಕಾರ್ಡ್ ಮುಖ ಮೇಲೆ ಮಾಡಿ ಮೇಜಿಗೆ ಬಿದ್ದ ಮೇಲೆ ಕಾರ್ಡೇ ಮಾತಾಡ್ತದೆ, ಬಾಯಲ್ಲಿ ನೀವು ಎಂತ ಹೇಳಿದ್ರೂ ಲೆಕ್ಕಕ್ಕಿಲ್ಲ. ಆಗ ತಪ್ಪು ಕಂಡವ ಯಾರೇ ಆಗ್ಲಿ ಹೇಳ್ಬೇಕು, ಟೂರ್ನಮೆಂಟಲ್ಲೂ ಹಾಗೇ. ಹುಡುಗ ತೋರಿಸದೆ ಮಗುಚಿ ಎಸೆದಿದ್ರೆ ಕಥೆ ಬೇರೆ, ಆ ಕೈ ಸತ್ತ ಹಾಗೆ, ಪಾಟ್ ಬಾವನದ್ದೇ, ಮತ್ತೆ ಬ್ರಹ್ಮ ಬಂದು ಹೇಳಿದ್ರೂ ಇಲ್ಲ.

ಎರಡು ನಿಯಮಕ್ಕೆ ಎಂತ ವ್ಯತ್ಯಾಸ ಅಂತ ನಂಗೆ ಅರ್ಥ ಆದದ್ದು ಅಜ್ಜಿಯ ಚೆನ್ನೆಮಣೆ ನೆನಪಾಗಿ. ಆಟಿ ತಿಂಗಳಲ್ಲಿ ನಾವು ಮಕ್ಕಳು ಜಗಲಿಯಲ್ಲಿ ಕೂತು ಆಡುವಾಗ ಅಜ್ಜಿ ಬದಿಯಲ್ಲೇ ಇರ್ತಿದ್ರು, ಯಾವ ಗುಳಿಯಿಂದ ಎತ್ಬೇಕು ಅಂತ ಎಷ್ಟು ಗೋಗರೆದ್ರೂ ಯಾರಿಗೂ ಹೇಳಿ ಕೊಡ್ತಿರ್ಲಿಲ್ಲ. ಆಟ ಮುಗಿದು ಕಾಯಿ ಎಣಿಸುವಾಗ ಮಾತ್ರ ಕಣ್ಣು ಮುಚ್ತಿರ್ಲಿಲ್ಲ. 14 ಗುಳಿ, ಗುಳಿಗೆ 4, ಒಟ್ಟು 56 ಕಾಯಿ. 55 ಬಂದ್ರೆ ಎಲ್ಲರ ಮಡಿಲು ಹುಡುಕುದು, ಸಣ್ಣವ ತನ್ನದನ್ನು ಕಮ್ಮಿ ಎಣಿಸಿದ್ರೆ "ಇನ್ನೊಮ್ಮೆ ಎಣಿಸು ಮಗಾ" ಅನ್ನುದು. ಆಡುವಾಗ ಕಾಣದೆ ಇದ್ರೆ ಅದು ನಿನ್ನ ಆಟದ ಸೋಲು, ಎಣಿಸುವಾಗ ತಪ್ಪಿದ್ರೆ ಅದು ಬರೀ ಲೆಕ್ಕದ ತಪ್ಪು. ಹುಡುಗ ಎಂಟು ತಿರುಗಿಸಿ ಇಟ್ಟಾಗ ಆಟ ಮುಗಿದಿತ್ತು, ಉಳಿದದ್ದು ಎಣಿಸುದು.

ಸರಿ, 180 ಹುಡುಗನಿಗೆ ಹೋಯ್ತು. ಬಾವ ಎರಡು ಶನಿವಾರ ಬರ್ಲಿಲ್ಲ. ಅಕ್ಕ ಫೋನ್ ಮಾಡಿ "ಎಂತ ಮಾಡಿದ್ರಿ ಅವರಿಗೆ? ನಿಮ್ಮ ಆಟದ ಹೆಸರೆತ್ತಿದ್ರೆ ಸಾಕು ಎದ್ದು ಹೋಗ್ತಾರೆ" ಅಂದಳು. ನಾನು ನಿಯಮ ಎಲ್ಲ ವಿವರಿಸಿ ಹೇಳಿದೆ, ಕಾರ್ಡೇ ಮಾತಾಡುದು ಅಂತೆಲ್ಲ, ಅವಳು ಪೂರಾ ಕೇಳಿ "ಅದೆಲ್ಲ ಅವರಿಗೂ ಗೊತ್ತುಂಟು ಮಾರಾಯ, ನೀವೆಲ್ಲ ಸೇರಿ ನಗಾಡಿದ್ರಂತಲ್ಲ" ಅಂದಳು.

ನಂಗೆ ಮಾತೇ ಬರ್ಲಿಲ್ಲ. ಪಾಟ್ ಯಾರಿಗೆ ಅಂತ ನಿಯಮ ಹೇಳ್ತದೆ, ಅದು ಸರಿಯಾಗೇ ಹೇಳಿತ್ತು. ಆದ್ರೆ ಅರವತ್ತು ದಾಟಿದ ಮನುಷ್ಯ ಚಿಪ್ಸ್ ಬಾಚಿ ಎದೆ ಹತ್ರ ತಂದು ವಾಪಸ್ ದೂಡುವಾಗ ನಗಾಡ್ಬಾರ್ದು ಅಂತ ಯಾವ ನಿಯಮದಲ್ಲೂ ಬರೆದಿರುದಿಲ್ಲ. ನಮ್ಮಲ್ಲಿ ಆದ ಜಗಳ ಒಟ್ರಾಸಿ ನೋಡಿದ್ರೆ ಎಲ್ಲ ಹೀಗೇ, ತೀರ್ಪಿಗೆ ಯಾರೂ ಬೇಜಾರು ಮಾಡ್ಕೊಂಡದ್ದಿಲ್ಲ, ತೀರ್ಪು ಕೊಟ್ಟ ರೀತಿಗೆ ಮಾಡ್ಕೊಂಡದ್ದು. ಮೂರನೇ ಶನಿವಾರ ನಾನೇ ಹೋಗಿ ಕಾರಲ್ಲಿ ಕರ್ಕೊಂಡು ಬಂದೆ. ದಾರಿಯಲ್ಲಿ ಇಬ್ಬರೂ ಬಂಗುಡೆ ರೇಟಿನ ವಿಷಯ ಮಾತಾಡಿದ್ವು, ಅದನ್ನು ಬಿಟ್ಟು ಬೇರೆ ಎಂತದೂ ಇಲ್ಲ.

ಆಮೇಲೆ ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿದೆವು. ಪಾಟಲ್ಲಿ ಇದ್ದವರು ತೀರ್ಪಿಗೆ ಓಟ್ ಹಾಕುವ ಹಾಗಿಲ್ಲ. ಹೊಸ ನಿಯಮ ಯಾವುದೇ ಇದ್ರೂ ಮುಂದಿನ ಶನಿವಾರದಿಂದ, ನಡೀತಿರುವ ಕೈಗೆ, ಅಂದ್ರೆ ಆ ಸುತ್ತಿಗೆ, ಇಲ್ಲ. ಈ ಎರಡನೇದು ತುಂಬ ಮುಖ್ಯ, ಯಾಕಂದ್ರೆ ಪಾಟ್ ದೊಡ್ಡದಾದ ಕೂಡ್ಲೇ ಎಲ್ಲರಿಗೂ ತನಗೆ ಬೇಕಾದ ನಿಯಮ ನೆನಪಾಗ್ತದೆ.

ಒಮ್ಮೆ ಒಬ್ಬನಿಗೆ ಒಳ್ಳೆ ಕಾರ್ಡ್ ಬಂತು, ಮುಂದೆ 60 ರೂಪಾಯಿ ಚಿಪ್ಸ್ ಮಾತ್ರ ಉಂಟು, "ತಡಿ, 200 ಗೂಗಲ್ ಪೇ ಮಾಡ್ತೇನೆ" ಅಂತ ಫೋನ್ ತೆಗೆದ. ಆಗುದಿಲ್ಲ. ಕೈ ಶುರು ಆಗುವಾಗ ಮೇಜಿನ ಮೇಲೆ ಎಷ್ಟು ಇತ್ತೋ ಅಷ್ಟೇ. ಅವನು 60ಕ್ಕೆ ಆಲ್ ಇನ್, ಅಂದ್ರೆ ಇದ್ದದ್ದೆಲ್ಲ ಹಾಕಿದ ಹಾಗೆ, ಉಳಿದ ಇಬ್ಬರೂ 150 ಹಾಕಿದ್ರೆ ಮೂರು ಅರವತ್ತು ಸೇರಿ 180 ಮುಖ್ಯ ಪಾಟ್, ಮಿಕ್ಕಿದ ಎರಡು ತೊಂಬತ್ತು ಬದಿಯ ಪಾಟ್, ಆ ಬದಿಯದ್ದರಲ್ಲಿ ಅವನಿಗೆ ಪಾಲಿಲ್ಲ. ಅದೇ ಲೆಕ್ಕದಲ್ಲಿ ಗೆದ್ದ ಚಿಪ್ಸಲ್ಲಿ ಅರ್ಧ ಜೇಬಿಗೆ ಹಾಕಿ ಉಳಿದದ್ದರಲ್ಲಿ ಆಡುದೂ ಆಗುದಿಲ್ಲ. ಎದ್ದು ಹೋಗುದಾದ್ರೆ ಪೂರಾ ತಗೊಂಡು ಹೋಗು. ಗೆದ್ದು ಅರ್ಧ ಗಂಟೆಗೆ ಎದ್ದು ಹೋಗುದು ಸರಿಯಾ ಅಂತ ತುಂಬ ಜನ ಕೇಳ್ತಾರೆ, ನಿಯಮದಲ್ಲಿ ಸರಿಯೇ, ಆದ್ರೆ ಮುಂದಿನ ವಾರ ಗ್ರೂಪಲ್ಲಿ ಮೆಸೇಜ್ ಹಾಕ್ಲಿಕ್ಕೆ ಯಾರಿಗೂ ನೆನಪಾಗುದಿಲ್ಲ.

ಭಾಷೆಯ ಜಗಳ ನಮ್ಮೂರಿಗೇ ಸ್ಪೆಷಲ್ ಅಂತ ನಾನು ಅಂದ್ಕೊಂಡಿದ್ದೆ. ನಮ್ಮ ಮೇಜಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಉಂಟು. ಕೊಂಕಣಿಯವರು ಇಬ್ಬರು ಶಾಲೆಯಿಂದ ದೋಸ್ತಿಗಳು, ಕಾರ್ಡ್ ಕೈಯಲ್ಲಿ ಹಿಡ್ಕೊಂಡೇ ಏನೋ ಮಾತಾಡಿ ನಗಾಡ್ತಾರೆ. ಎಲ್ಲರೂ ಸುಮ್ಮನಿದ್ವು, ಸುರತ್ಕಲ್ಲಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯವ ಒಬ್ಬ ಹೊಸದಾಗಿ ಸೇರಿದ್ದ, ಅವನೇ ಒಂದಿನ "ಏನ್ರಿ ಇದು, ನೀವು ಇಬ್ರೂ ಕಾರ್ಡ್ ಹೇಳ್ಕೊಳ್ಳಾಕತ್ತೀರೋ ಏನ್ ಮೀನಿನ ಸುದ್ದಿ ಮಾತಾಡಾಕತ್ತೀರೋ ನನಗ ಹೆಂಗ ಗೊತ್ತಾಗಬೇಕು?" ಅಂದ. ಮೀನಿನ ಸುದ್ದಿಯೇ ಅಂತ ಅವರು ಆಣೆ ಹಾಕಿದ್ರು, ಇರ್ಲಿಕ್ಕೂ ಸಾಕು, ಆದ್ರೆ ಅದನ್ನು ನಂಬುವ ಭಾರ ಅವನ ಮೇಲೆ ಹಾಕುದು ಸರಿಯಲ್ಲ ಅಲ್ವಾ. ನೋಡಿದ್ರೆ ದೊಡ್ಡ ಪೋಕರ್ ರೂಮುಗಳಲ್ಲೂ ಕೈ ನಡೆಯುವಾಗ ಇಂತ ಭಾಷೆ ಮಾತ್ರ ಅಂತ ನಿಯಮ ಉಂಟಂತೆ. ಈಗ ನಮ್ಮಲ್ಲಿ ಕಾರ್ಡ್ ಹಂಚಿದ ಮೇಲೆ ಕನ್ನಡ ಮಾತ್ರ. ತುಳುವಲ್ಲಿ ಬೈಲಿಕ್ಕಿದ್ರೆ ಪಾಟ್ ಮುಗಿದ ಮೇಲೆ. ಇದರಿಂದ ಎರಡು ಜನರ ಆಟವೇ ಲಗಾಡಿ ಹೋಗಿದೆ, ಬೈಗುಳ ಬಾಯಿಗೆ ಬಂದು ನುಂಗಿಕೊಳ್ಳುದು ಮುಖದಲ್ಲೇ ಕಾಣ್ತದೆ, ಕಾರ್ಡ್ ಕೆಟ್ಟದು ಅಂತ ಎಲ್ಲರಿಗೂ ಗೊತ್ತಾಗ್ತದೆ.

ಗಂಡ ಹೆಂಡ್ತಿ ಒಟ್ಟಿಗೆ ಆಡುದು ಇನ್ನೊಂದು ರಗಳೆ. ಇಬ್ಬರೇ ಉಳಿದಾಗ ಬೆಟ್ ಮಾಡದೆ ಚೆಕ್ ಚೆಕ್ ಅಂತ ಮುಗಿಸಿದ್ರೆ ಅದು ಅವರ ಸಂಸಾರ, ನಾವೆಂತ ಹೇಳುದು. ಆದ್ರೆ ಮೂರನೇಯವ ಒಬ್ಬ ಇರುವಾಗ ಒಬ್ಬರು ರೈಸ್ ಮಾಡಿ, ಅಂದ್ರೆ ಬೆಟ್ ಏರಿಸಿ, ಅವನನ್ನು ಓಡಿಸುದು, ಅವನು ಹೋದ ಮೇಲೆ ಇಬ್ಬರೂ ತಣ್ಣಗೆ ಚೆಕ್ ಮಾಡುದು, ಇದು ಬೇಕಂತ ಮಾಡದಿದ್ರೂ ಮೋಸವೇ. ಹೇಳ್ಲಿಕ್ಕೆ ನಾಲಗೆ ಬರುದಿಲ್ಲ. ಬ್ಯಾಂಕ್ ಮಾಮ ಹೇಳಿದ್ರು, ಅದೂ ಮೇಜಲ್ಲಲ್ಲ, ಕೆಳಗೆ ಚಪ್ಪಲಿ ಹಾಕುವಾಗ, ನಗಾಡಿಕೊಂಡು.

ಈಗೀಗ ಈ ಪ್ರಶ್ನೆ ಜಾಸ್ತಿ ಆಗಿದೆ. 2025ರ ಆಗಸ್ಟಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟ ಬಂದ್ ಆಯ್ತಲ್ಲ, ಮೊಬೈಲಲ್ಲಿ ಆಡ್ತಿದ್ದ ಹುಡುಗರು ನಾವೂ ಬರ್ಬಹುದಾ ಅಂತ ಕೇಳ್ಲಿಕ್ಕೆ ಶುರು ಮಾಡಿದ್ರು. ಪಾಪ, ಆಟ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಕೂತುಕೊಳ್ಳುದು. ಆ್ಯಪಲ್ಲಿ ಸರದಿ ಬಾರದೆ ಬಟನ್ನೇ ಬರುದಿಲ್ಲ, ಇಲ್ಲಿ ತಮ್ಮ ಸರದಿಗೆ ಮೊದಲೇ ಕಾರ್ಡ್ ಎಸೀತಾರೆ, ಆಗ ಹಿಂದಿನವನಿಗೆ ಒಬ್ಬ ಕಮ್ಮಿ ಆದ ಅಂತ ಬಿಟ್ಟಿ ಸುದ್ದಿ ಸಿಗ್ತದೆ. "ಕಾಲ್", ಅಂದ್ರೆ ಎದುರಿನವ ಇಟ್ಟಷ್ಟೇ ನಂದೂ, ಅಂತ ಹೇಳಿ, ಎದುರಿನವನ ಮುಖ ನೋಡಿ, ಮತ್ತೆ "ಅದರ ಮೇಲೆ 40" ಅಂತಾರೆ. ಕಾಲ್ ಅಂದ್ರೆ ಕಾಲ್, ಬಾಯಿಂದ ಬಂದದ್ದು ಬಂತು. ಇದಕ್ಕೆಲ್ಲ ನಾವು ಮೊದಲ ದಿನ ಬೊಬ್ಬೆ ಹಾಕುದಿಲ್ಲ, ಕೈ ಮುಗಿದ ಮೇಲೆ ಹೇಳ್ತೇವೆ.

ನಾನೇ ಮಾಡಿದ ಒಂದು ಹಲ್ಕಟ್ ಕೆಲಸವೂ ಉಂಟು, ಹೇಳದಿದ್ರೆ ಸರಿಯಾಗುದಿಲ್ಲ. ನನ್ನ ಹತ್ರ ಫುಲ್ ಹೌಸ್ ಇತ್ತು, ಬ್ಯಾಂಕ್ ಮಾಮ ಫ್ಲಶ್ ತೋರಿಸಿ ಖುಷಿಯಲ್ಲಿ ಕೂತಿದ್ರು. ನಾನು ಗೆದ್ದದ್ದು ಗೊತ್ತಿದ್ದೂ ಒಂದು ಗುಟುಕು ಕಷಾಯ ಕುಡಿದೆ, "ಹ್ಞೂಂ, ಕಷ್ಟ ಉಂಟಲ್ಲ" ಅಂದೆ, ಒಂದು ಕಾರ್ಡ್ ತಿರುಗಿಸಿದೆ, ಮತ್ತೆ ಗ್ಲಾಸ್ ಎತ್ತಿದೆ. ಯಾವ ನಿಯಮಕ್ಕೂ ವಿರುದ್ಧ ಅಲ್ಲ ಅದು. ಮಾಮ ಎಂತದೂ ಹೇಳ್ಲಿಲ್ಲ, ಚಿಪ್ಸ್ ಎಣಿಸಿ ನನ್ನ ಕಡೆ ದೂಡಿದ್ರು, ಒಂದೊಂದೇ. ಆಗ ಬಾವ ನನ್ನ ಮುಖ ನೋಡಿದ ರೀತಿ ನಂಗಿನ್ನೂ ನೆನಪುಂಟು.

ಸದ್ಯ ನಡೀತಿರುವ ಜಗಳ ಗೋಳಿಬಜೆದ್ದು. ಎಣ್ಣೆ ಕೈಯಲ್ಲೇ ಯಾರೋ ಕಾರ್ಡ್ ಮುಟ್ಟಿ ಆಟೀನ್ ಎಕ್ಕದ ಬೆನ್ನಲ್ಲಿ ಒಂದು ಬೊಟ್ಟು ಕಲೆ ಆಗಿದೆ, ಅಂದ್ರೆ ಅದು ಯಾರ ಕೈಯಲ್ಲಿ ಉಂಟು ಅಂತ ಎಲ್ಲರಿಗೂ ಕಾಣ್ತದೆ. ಮಳೆಗಾಲದಲ್ಲಿ ಕಾಗದದ ಕಾರ್ಡ್ ಹೇಗೂ ಉಬ್ಬಿ ಒಂದಕ್ಕೊಂದು ಅಂಟ್ತದೆ, ಪ್ಲಾಸ್ಟಿಕ್ಕಿದ್ದೇ ತರುವ ಅಂತ ಮಾಮನ ವಾದ. ಗೋಳಿಬಜೆ ನಿಲ್ಲಿಸಿದ್ರೆ ಬರುದಿಲ್ಲ ಅಂತ ಬಾವನ ವಾದ. ಓಟ್ ಈ ಶನಿವಾರ, ಜಾರಿ ಮುಂದಿನ ಶನಿವಾರದಿಂದ, ಅಲ್ಲಿವರೆಗೆ ಆ ಎಕ್ಕ ಬಂದವನ ಗ್ರಹಚಾರ.