ಕಿತ್ತಳೆ ಮುಚ್ಚಳದ ಸಿರಿಂಜು

ಡಿಸ್ಚಾರ್ಜ್ ಆದ ನಾಲ್ಕನೇ ದಿನಕ್ಕೇ ತಾಯಿ-ಮಗಳು ಮತ್ತೆ ಓಪಿಡಿ ಬಾಗಿಲಲ್ಲಿ ನಿಂತಿದ್ದರು. ಮೇ ತಿಂಗಳು, ಕಲಬುರಗಿಯ ಬಿಸಿಲು. ಹುಡುಗಿಗೆ 14 ವರ್ಷ, ತೂಕ 38 ಕೆ.ಜಿ. ತಂದೆ ಇಲ್ಲ, ತಾಯಿ ಬೇಳೆ ಮಿಲ್ಲಿನಲ್ಲಿ ದಿನಗೂಲಿ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 412.

"ಕದ್ದು ಮಾವಿನಹಣ್ಣು ತಿಂತಾಳ್ರಿ ಅಕ್ಕೋರೆ. ನಾ ಮಿಲ್ಲಿಗಿ ಹೋದ್ರ ಮನ್ಯಾಗ ನೋಡಾವ್ರು ಯಾರದಾರ?"

ಹುಡುಗಿ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು.

ಹಿಂದಿನ ವಾರ ಬಂದದ್ದು ವಾಂತಿ, ಹೊಟ್ಟೆನೋವು ಎಂದು. ಬಿಸಿಲು ಬಡಿದಿದೆ ಎಂದುಕೊಂಡು ಎರಡು ದಿನ ಗ್ಲೂಕೋಸ್ ನೀರು ಕುಡಿಸಿದ್ದರು. ತಂಬಿಗೆಗಟ್ಟಲೆ ನೀರು ಕುಡಿಯುವುದು, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು ಇವೆಲ್ಲ ಬೇಸಿಗೆಯ ಲೆಕ್ಕಕ್ಕೇ ಹೋಗಿದ್ದವು. ವಾಂತಿಯಾಗಿ ನಾಲಿಗೆ ಒಣಗಿದ ಮಗು ಧಾರಾಳವಾಗಿ ಮೂತ್ರ ಮಾಡುತ್ತಿದ್ದರೆ ಬಿಸಿಲನ್ನು ದೂರಬೇಡಿ, ಸಕ್ಕರೆ ನೋಡಿಸಿ. ಆಳವಾದ ಉಸಿರು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ: ಮೈಯಲ್ಲಿ ಇನ್ಸುಲಿನ್ ತಯಾರಾಗದ ಟೈಪ್ 1 ಮಧುಮೇಹ, ಜೊತೆಗೆ ಕೀಟೋಅಸಿಡೋಸಿಸ್, ಅಂದರೆ ಇನ್ಸುಲಿನ್ ಸಿಗದೆ ಮೈ ಕೊಬ್ಬು ಕರಗಿಸಿ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ತುಂಬಿಕೊಳ್ಳುವುದು. ಐಸಿಯುನಲ್ಲಿ ಸಲೈನ್, ಪೊಟ್ಯಾಸಿಯಂ, ಕೆ.ಜಿ.ಗೆ 0.1 ಯೂನಿಟ್‌ನಂತೆ ಗಂಟೆಗೆ 3.8 ಯೂನಿಟ್ ಇನ್ಸುಲಿನ್. ಸಕ್ಕರೆ 300ರ ಕೆಳಗಿಳಿದಾಗ ಡೆಕ್ಸ್‌ಟ್ರೋಸ್ ಹಚ್ಚಿದೆವು. "ಸಕ್ಕರಿ ಬ್ಯಾನಿ ಇದ್ದಾಕಿಗಿ ಸಕ್ಕರಿ ಬಾಟ್ಲಿ ಯಾಕ್ರಿ?" ಎಂದು ತಾಯಿ ಗಾಬರಿಯಾಗಿದ್ದರು. ರಕ್ತದ ಆಮ್ಲ ಇಳಿಯುವ ತನಕ ಇನ್ಸುಲಿನ್ ನಿಲ್ಲಿಸುವಂತಿಲ್ಲ. ಅಲ್ಲಿಯವರೆಗೆ ಸಕ್ಕರೆ ಪಾತಾಳಕ್ಕೆ ಇಳಿಯದಿರಲಿ ಎಂದು ಆ ಬಾಟಲಿ.

ಐಸಿಯುನಲ್ಲಿ ಲೆಕ್ಕ ಇಡಲು ಐದಾರು ಜನ. ಮನೆಯಲ್ಲಿ ಈಕೆ ಒಬ್ಬಳೇ.

ಕೈಚೀಲ ಮೇಜಿನ ಮೇಲೆ ಸುರುವಲು ಹೇಳಿದೆ. ಬಾಟಲಿ ಸರಿಯಾಗಿಯೇ ಇತ್ತು, ಲೇಬಲ್ ಮೇಲೆ 40 ಐಯು, ಅಂದರೆ ಒಂದು ಎಂ.ಎಲ್‌ನಲ್ಲಿ 40 ಯೂನಿಟ್. ಸಿರಿಂಜಿನ ಮುಚ್ಚಳ ಮಾತ್ರ ಕಿತ್ತಳೆ ಬಣ್ಣದ್ದು, ಅಂದರೆ ಎಂ.ಎಲ್‌ಗೆ 100 ಯೂನಿಟ್ ಲೆಕ್ಕದ ಸಿರಿಂಜು. 40ರ ಬಾಟಲಿಗೆ ಕೆಂಪು ಮುಚ್ಚಳದ್ದೇ ಬೇಕು. ಕಿತ್ತಳೆಯಲ್ಲಿ 10ರ ಗೆರೆಗೆ ಎಳೆದರೆ ಬರುವುದು 0.1 ಎಂ.ಎಲ್, ಮೈಗೆ ಹೋಗುವುದು 4 ಯೂನಿಟ್ ಮಾತ್ರ. ಉಲ್ಟಾ ಆದರೆ ಜೀವಕ್ಕೇ ಅಪಾಯ: ಇನ್ಸುಲಿನ್ ಪೆನ್ನಿನ 100ರ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ್ದರಲ್ಲಿ 10 ಎಳೆದರೆ 25 ಯೂನಿಟ್. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ನಮ್ಮ ಚೀಟಿಯಲ್ಲೇ ಬರೀ 'ಇನ್ಸುಲಿನ್ ಸಿರಿಂಜ್' ಎಂದಿತ್ತು.

"ನಾ ಹಣ್ಣು ತಿಂದಿದ್ದಿಲ್ಲಬೇ," ಅಂದಳು ಹುಡುಗಿ, ಗೋಡೆ ಕಡೆಯೇ ನೋಡುತ್ತ. ತಾಯಿ ಸಿರಿಂಜನ್ನು ತಿರುಗಿಸಿ ತಿರುಗಿಸಿ ನೋಡುತ್ತಲೇ ಇದ್ದರು.

ಮೂತ್ರದ ಪಟ್ಟಿಯಲ್ಲಿ ಕೀಟೋನ್ ಅಲ್ಪವಿತ್ತು, ವಾಂತಿ ಇರಲಿಲ್ಲ. ಡಾಕ್ಟರು ಮತ್ತೆ ಅಡ್ಮಿಟ್ ಮಾಡದೆ, ಸಂಜೆಯವರೆಗೆ ಕೂರಿಸಿಕೊಂಡು ಇನ್ಸುಲಿನ್ ಕೊಡಿಸಿದರು. ಆ ಹೊತ್ತಿನಲ್ಲಿ ಪಾಠ ಮೊದಲಿನಿಂದ. ಎಳೆಯುವವಳು ಮಗಳು, ಗೆರೆ ಓದುವವರು ತಾಯಿ. 10 ಎಳೆಯುವ ಮೊದಲು ಬಾಟಲಿಗೆ 10ರಷ್ಟೇ ಗಾಳಿ. ಗುಳ್ಳೆ ಬಂದರೆ ಬೆರಳಲ್ಲಿ ತಟ್ಟಿ ಮೇಲೇರಿಸಿ ಹೊರಗೆ ದಬ್ಬಬೇಕು. ಚುಚ್ಚುವ ಜಾಗ ದಿನಾ ಬೆರಳಗಲ ಸರಿಯಬೇಕು. ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟುತ್ತದೆ, ಔಷಧ ಸರಿಯಾಗಿ ಹಿಡಿಯುವುದಿಲ್ಲ.

ಮನೆಯಲ್ಲಿ ಫ್ರಿಜ್ ಇಲ್ಲ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಮರಳು; ಮರಳಿಗೆ ಬೆಳಿಗ್ಗೆ-ಸಂಜೆ ನೀರು. ನೀರು ತಾಗದಂತೆ ಬಾಟಲಿಯನ್ನು ಡಬ್ಬಿಯಲ್ಲಿಟ್ಟು ಒಳಮಡಕೆಗೆ ಹಾಕಿ, ಮೇಲೆ ಒದ್ದೆ ಬಟ್ಟೆ. ಗಾಳಿಯಾಡುವ ನೆರಳಲ್ಲಿರಬೇಕು. ತೆರೆದ ಬಾಟಲಿಗೆ 28 ದಿನ, ಆಮೇಲೆ ಉಳಿದಿದ್ದರೂ ಚೆಲ್ಲಬೇಕು.

ಕೈ ನಡುಗಿ, ಬೆವರಿ, ಸಕ್ಕರೆ 70ರ ಕೆಳಗೆ ಹೋದರೆ ಮೂರು ಚಮಚ ಸಕ್ಕರೆ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಸೀದಾ ಆಸ್ಪತ್ರೆಗೆ. ಬೇವಿನ ರಸ ಕುಡಿಸಿ ಇಂಜೆಕ್ಷನ್ ಬಿಡಿಸೆಂದು ಪಕ್ಕದ ಮನೆಯವರು ಹೇಳಿದ್ದರಂತೆ. ರಸ ಕುಡಿದರೂ ಸರಿ ಬಿಟ್ಟರೂ ಸರಿ, ಇಂಜೆಕ್ಷನ್ ಬಿಡುವಂತಿಲ್ಲ. ಜ್ವರ ಬಂದು ಊಟ ಸೇರದ ದಿನವೂ ಪೂರ್ತಿ ನಿಲ್ಲಿಸುವಂತಿಲ್ಲ.

ಸಂಜೆ 231. ಸೋಮವಾರ ಬನ್ನಿ ಎಂದು ಚೀಟಿ ಬರೆದೆ.

"ಸೋಮವಾರ ಬಂದ್ರ ಒಂದಿನದ ಪಗಾರ ಹೋಗ್ತದ್ರಿ. ಐತಾರ ಆಗಂಗಿಲ್ಲೇನ್ರಿ?"

ಐತಾರ ಓಪಿಡಿ ಇಲ್ಲ. ದಿನದ ನಾಲ್ಕು ರೀಡಿಂಗು ವಹಿಯಲ್ಲಿ ಬರೆದು ಶನಿವಾರ ರಾತ್ರಿ ಫೋನಲ್ಲಿ ಓದಿ ಹೇಳು ಎಂದು ಮಗಳಿಗೆ ಹೇಳಿದೆ. ಅವಳು ಕಂಪಾಸ್ ಪೆಟ್ಟಿಗೆ ತೆಗೆದು, ವಹಿಯ ಮೊದಲ ಹಾಳೆಯಲ್ಲಿ ಸ್ಕೇಲ್ ಇಟ್ಟು ನಾಲ್ಕು ಮನೆ ಗೆರೆ ಹಾಕತೊಡಗಿದಳು.